ಶಾರದಾಬಾಯಿಯ ಹೆಸರಿನ ಮನೆ

“ಅಕ್ಕಾರ, ಖರೇ ಮಾಲಕರ ಹೆಸರು ಹಾಕ್ರಿ. ಆ ಮನಿಗೆ ಎರವಲು ಹೆಸರು ಆಗಿಬರಂಗಿಲ್ಲ.”

ಕಾಗದ ಬರೆಯುವ ರಾಮದಾಸ ಹೀಗೆಂದಾಗ ಪ್ರಫುಲ್ಲಾ ನಕ್ಕುಬಿಟ್ಟಳು. ನೋಂದಣಿ ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ, ಕಾಲು ಅಲ್ಲಾಡುವ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಕ್ರಯಪತ್ರ ಬರೆಯುತ್ತಿದ್ದ ಬೀದರ ಕಡೆಯ ಮುದುಕ ಅವನು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದಿದ್ದ, ಈಗ ತೆಲುಗಿನಲ್ಲಿ ಬರೆಯುತ್ತಿದ್ದ, ಹೆದರಿದಾಗ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದ.

“ಹಾಕಿದರ ಏನ್ ಮಾಡ್ತೈತಿ?”

“ತಿಂತೈತ್ರಿ. ಮೊದಲ ಹೆಸರು, ಆಮ್ಯಾಲ ಹೆಸರಿನ ಮನಷ್ಯಾರನ್ನ.”

“ಹಂಗಾರ ಚಲೋನ ಆತು ಬಿಡ್ರಿ. ನನ್ನ ಹೆಸರಂತೂ ಅದರಾಗ ಇಲ್ಲ!”

ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಶಾರದಾಬಾಯಿಯೂ ನಕ್ಕಳು. ಅವಳಿಗೆ ಚೇಷ್ಟೆ ಅರ್ಥವಾಗಿತ್ತೆಂದಲ್ಲ. ಪ್ರಫುಲ್ಲಾ ನಕ್ಕರೆ ಅವಳೂ ನಗುವುದು ಹದಿನಾಲ್ಕು ವರ್ಷದ ರೂಢಿ. ಆ ನಗು ಪ್ರಫುಲ್ಲಾಳನ್ನು ಮುಂದೆ ಎಷ್ಟು ಸುಡಲಿದೆ ಎಂದು ಆ ಮಧ್ಯಾಹ್ನ ಬೇವಿನ ಮರದ ಕೆಳಗೆ ಯಾರಿಗೂ ಗೊತ್ತಿರಲಿಲ್ಲ.

ಅದು ಸಾವಿರದ ಒಂಬೈನೂರ ಎಪ್ಪತ್ತೊಂದು. ಪ್ರಫುಲ್ಲಾಗೆ ಆಗ ನಾಲ್ವತ್ತನಾಲ್ಕು. ಹೈದರಾಬಾದಿನ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟು, ಮದುವೆಯಾಗಿರಲಿಲ್ಲ. ಅಪ್ಪ ನಿಜಾಮರ ಸರಕಾರದಲ್ಲಿ ಗುಮಾಸ್ತರಾಗಿದ್ದವರು. ರಾಯಚೂರು ಮೈಸೂರು ರಾಜ್ಯಕ್ಕೆ ಹೋದಾಗ ಮನೆಯವರೆಲ್ಲ ಆ ಕಡೆ ಹೋದರು, ಸಂಬಳ ತರುವವಳು ಮಾತ್ರ ಇಲ್ಲೇ ಉಳಿದಳು. ಇಬ್ಬರು ತಮ್ಮಂದಿರನ್ನು ಓದಿಸಿದಳು, ಅವರ ಮದುವೆ ಮಾಡಿದಳು, ಬಾಣಂತನ ಮಾಡಿಸಿದಳು. ಒಮ್ಮೆ ಹಿಮಾಯತ್‌ನಗರದ ಹಿಂದೆ ಎರಡು ಕೋಣೆಯ ಮನೆಯನ್ನೂ ತನ್ನ ಹೆಸರಿಗೆ ಕೊಂಡಿದ್ದಳು. ಸುದ್ದಿ ರಾಯಚೂರು ಮುಟ್ಟಿದ ಹದಿನೈದು ದಿನಕ್ಕೆ ತಮ್ಮಂದಿರು ಹಾಸಿಗೆ ಸುತ್ತಿಕೊಂಡು ಬಂದಿಳಿದರು. “ಅಕ್ಕನ ಮನಿ ಅಂದ್ರ ನಮ್ಮ ಮನೀನ ಅಲ್ಲೇನ?” ಎಂದರು. ಆರು ವರ್ಷ ಅವಳು ತನ್ನದೇ ಮನೆಯಲ್ಲಿ ಅಡುಗೆಯ ಒಲೆಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದಳು. ಕೊನೆಗೆ ಆ ಮನೆಯನ್ನೇ ಮಾರಿ, ಎಲ್ಲರನ್ನೂ ರೈಲು ಹತ್ತಿಸಿ, ಬಾಡಿಗೆಯ ಖೋಲಿ ಹಿಡಿದಳು. ಅವಳಿಗೆ ಈಗ ಬೇಕಾಗಿದ್ದುದು ಇಷ್ಟೇ: ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಹಾಕುವ ಒಂದು ಚಿಲಕ, ಮತ್ತು ಆ ಬಾಗಿಲು ತನ್ನದೆಂದು ಯಾರಿಗೂ ಗೊತ್ತಿರಬಾರದು. ದಣಿದ ಹೆಂಗಸಿನ ಆಸೆ ಅದು, ದುರಾಸೆಯಲ್ಲ.

ಅದಕ್ಕೇ ಮೆಹದಿಪಟ್ಟಣಂ ಹಿಂದಿನ ಓಣಿಯ ಈ ಮನೆಯನ್ನು ಶಾರದಾಬಾಯಿಯ ಹೆಸರಿಗೆ ಬರೆಸುವುದೆಂದು ನಿಶ್ಚಯವಾಯಿತು. ಶಾರದಾಬಾಯಿ ಅಡುಗೆಯವಳು. ಹದಿನಾರಕ್ಕೆ ಗಂಡನನ್ನು ಕಳಕೊಂಡು ಐವತ್ತೆಂಟರವರೆಗೆ ಕಂಡವರ ಒಲೆ ಊದಿದವಳು. ಹಿಂದಿಲ್ಲ ಮುಂದಿಲ್ಲ, ಕೇಳಿಕೊಂಡು ಬರುವ ಒಂದು ನಾಯಿಯೂ ಇಲ್ಲ.

ಮನೆ ಮಾರುತ್ತಿದ್ದುದು ಕಮಲಾಕ್ಷಿ ಎಂಬ ಹೆಂಗಸಿನ ಹೆಸರಲ್ಲಿ. ಅವಳ ಗಂಡ ಅಣ್ಣತಮ್ಮಂದಿರ ಕಣ್ಣು ತಪ್ಪಿಸಲು ಮನೆಯನ್ನು ಹೆಂಡತಿಯ ಹೆಸರಿಗೆ ಇಟ್ಟಿದ್ದನಂತೆ. ಒಳಗೆ ಅಧಿಕಾರಿ “ನಿಮ್ಮ ಹೆಸರೇನಮ್ಮಾ?” ಎಂದು ಕೇಳಿದಾಗ ಅವಳು ಗೋಡೆ ನೋಡುತ್ತ ಕೂತಳು. ಗಂಡನೇ ಗಡಿಬಿಡಿಯಲ್ಲಿ ಹೆಸರು ಹೇಳಿದ. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದರು. ಕಾಗದದ ಮೇಲೆ ಬರೀ ಒಂದು ಕಪ್ಪು ಕಲೆ ಮೂಡಿತು, ಗೆರೆಯೊಂದೂ ಇರಲಿಲ್ಲ. ಮತ್ತೆ ಒತ್ತಿಸಿದರು. ಮತ್ತೆ ಅದೇ. ಭಾಂಡೆ ತಿಕ್ಕಿ ತಿಕ್ಕಿ ಸವೆದಿರಬೇಕು ಎಂದುಕೊಂಡಳು ಪ್ರಫುಲ್ಲಾ. ಹತ್ತಿರ ಹೋದಾಗ ಆ ಹೆಂಗಸಿನ ಮೈಯಿಂದ ಹಸಿ ತಾಮ್ರ ಮತ್ತು ಸುಟ್ಟ ಕೂದಲಿನ ವಾಸನೆ ಬಂತು.

ಸಾಮಾನು ಸಾಗಿಸುವ ಮುಂಚೆ ಇಬ್ಬರೂ ಬೇಗಂ ಬಜಾರಿಗೆ ಹೋದರು. ಪ್ರಫುಲ್ಲಾ ತನಗೊಂದು ಉಕ್ಕಿನ ತಂಬಿಗೆ, ಶಾರದಾಬಾಯಿಗೊಂದು ತಂಬಿಗೆ ತೆಗೆದುಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಸಣ್ಣ ಉಳಿ ಹಿಡಿದು ಕೂತವನಿಂದ ಹೆಸರು ಕೊರೆಸಿದಳು. ಟಿಕ್ ಟಿಕ್ ಟಿಕ್ ಎಂದು ಅವನು ಚುಕ್ಕೆಗಳನ್ನು ಹೊಡೆಯುತ್ತ ಹೋದಂತೆ ಶಾರದಾಬಾಯಿಯ ಕಣ್ಣು ತುಂಬಿ ಬಂತು. ಅವಳಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆರಳಿನಿಂದ ಚುಕ್ಕೆಗಳನ್ನು ಸವರಿ ಸವರಿ ನೋಡಿದಳು.

“ಇಷ್ಟು ವರ್ಷ ಬ್ಯಾರೇದವರ ಹೆಸರಿನ ಭಾಂಡೇದಾಗ ಉಂಡೇನ್ರಿ, ಅಕ್ಕಾರ. ಈಗ ನೋಡ್ರಿ, ಮನೀನೂ ನನ್ನ ಹೆಸರೀಲೆ, ತಂಬಿಗೀನೂ ನನ್ನ ಹೆಸರೀಲೆ.”

“ಅದನ್ನ ನೆನಪಿಡ್ರಿ,” ಎಂದಳು ಪ್ರಫುಲ್ಲಾ. “ಯಾರು ಬಾಗಲಾ ಬಡದು ಕೇಳಿದರೂ ನಂದೇ ಮನಿ ಅನ್ನಬೇಕು. ನನ್ನ ಹೆಸರು ಎತ್ತಬಾರದು.”

“ಪ್ರಾಣ ಹೋದರೂ ಎತ್ತಂಗಿಲ್ರಿ.”

ಮೊದಲ ತಿಂಗಳು ಸುಖವೆಂದರೆ ಸುಖ. ಪ್ರಫುಲ್ಲಾ ಬಸ್ಸಿನಲ್ಲಿ ನಿಂತು ನಿಂತು ಏಳು ಗಂಟೆಗೆ ಮನೆ ಸೇರಿ ಚಿಲಕ ಹಾಕುವಳು. ಕಬ್ಬಿಣದ ಆ ಠಣ್ ಸದ್ದು ಕಿವಿಗೆ ಬಿದ್ದರೆ ಸಾಕು, ಅವಳ ಹೆಗಲು ಇಳಿಯುತ್ತಿತ್ತು. ಯಾರೂ ಕರೆಯುವವರಿಲ್ಲ, ಯಾರೂ ಕೇಳುವವರಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ “ಶಾರದಾಬಾಯಿ, ಚಹಾ ಇಡ್ರಿ” ಎಂದು ಕೂಗಿದಳು. ಉತ್ತರ ಬರಲಿಲ್ಲ. ಅಡುಗೆಮನೆಗೆ ಹೋಗಿ ನೋಡಿದರೆ ಶಾರದಾಬಾಯಿ ಅಲ್ಲೇ ಕೂತಿದ್ದಾಳೆ. ಬೆನ್ನು ಮುಟ್ಟಿದಾಗ ಬೆಚ್ಚಿ ತಿರುಗಿದಳು.

“ನನ್ನ ಕರದ್ರೇನ್ರಿ? ಬ್ಯಾರೆ ಯಾರನ್ನೋ ಕರದಂಗ ಆತು.”

ವಯಸ್ಸು ಎಂದುಕೊಂಡಳು ಪ್ರಫುಲ್ಲಾ. ಮರುವಾರ ರೇಷನ್ ಅಂಗಡಿಯವನು ಶಾರದಾಬಾಯಿಯ ಕಾರ್ಡು ಹಿಂದಕ್ಕೆ ಕೊಟ್ಟ. ಹೆಸರಿನ ಜಾಗದಲ್ಲಿ ಮಸಿ ಇರಲಿಲ್ಲ. ನೀರು ಬಿದ್ದಿರಬೇಕು ಎಂದುಕೊಂಡಳು. ಮನುಷ್ಯ ದಣಿದಾಗ ಎಲ್ಲದಕ್ಕೂ ಒಂದು ಕಾರಣ ಕೈಗೆ ಸಿಕ್ಕಿಬಿಡುತ್ತದೆ. ಆದರೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಶಾರದಾಬಾಯಿಯ ತಂಬಿಗೆ ಎತ್ತಿಕೊಂಡವಳ ಕೈ ಅಲ್ಲೇ ನಿಂತಿತು. ಬೇಗಂ ಬಜಾರಿನವನು ಕೊರೆದ ಚುಕ್ಕೆಗಳಲ್ಲಿ ಅರ್ಧಕ್ಕರ್ಧ ಇರಲಿಲ್ಲ. ತಿಕ್ಕಿ ಸವೆದದ್ದಲ್ಲ, ಆ ಜಾಗದಲ್ಲಿ ಉಕ್ಕು ಹೊಸದರಂತೆ ನುಣುಪಾಗಿತ್ತು. ಪಕ್ಕದಲ್ಲಿದ್ದ ತನ್ನ ತಂಬಿಗೆಯಲ್ಲಿ ಹೆಸರು ಪೂರ್ತಿ ಇತ್ತು.

ಅವಳು ಶಾರದಾಬಾಯಿಯ ಬಲಗೈ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನ ಗೆರೆಗಳು ಅಂಚಿನಲ್ಲಿ ಎರಡು ಮಾತ್ರ ಉಳಿದಿದ್ದವು. ಕೈಯಿಂದ ಹಸಿ ತಾಮ್ರದ ವಾಸನೆ ಬರುತ್ತಿತ್ತು.

“ನಾ ಇಲ್ಲದಾಗ ಯಾರರೆ ಬರ್ತಾರೇನ್ರಿ ಇಲ್ಲಿ?”

“ಒಬ್ಬಾಕಿ ಬರ್ತಾಳ್ರಿ. ದೀಪಾ ಹಚ್ಚೂ ಹೊತ್ತಿಗೆ. ದಿನಾ.” ಶಾರದಾಬಾಯಿ ಹೊಸಿಲ ಕಡೆ ನೋಡಿದಳು. “ಬಡೀತಾಳ. ಈ ಮನಿ ಯಾರದು ಅಂತಾಳ. ನೀವು ಹೇಳಿದಂಗ ನಂದು, ಶಾರದಾಬಾಯಿದು ಅಂತೀನಿ. ಹೋಗಿಬಿಡ್ತಾಳ.”

“ಯಾರಾಕಿ?”

“ಕಾಣಂಗಿಲ್ರಿ. ಬಾಗಲಾ ಬಡಿಯಂಗಿಲ್ಲ ಆಕಿ. ತೆಳಗಿಂದ ಬಡೀತಾಳ.”

ಪ್ರಫುಲ್ಲಾ ಆ ದಿನ ಕಚೇರಿಗೆ ಹೋಗಲಿಲ್ಲ. ಸಂಜೆಯಾಯಿತು. ಓಣಿಯಲ್ಲಿ ಮಸೀದಿಯ ಬಾಂಗು ಮುಗಿಯಿತು, ಎಲ್ಲೋ ಒಗ್ಗರಣೆ ಸಿಡಿಯಿತು, ಸೈಕಲ್ಲಿನ ಗಂಟೆ ದೂರವಾಯಿತು. ಶಾರದಾಬಾಯಿ ದೇವರ ಮುಂದೆ ದೀಪ ಹಚ್ಚಿದಳು. ಸುಟ್ಟ ಕೂದಲಿನ ನಾತ ಮೊದಲು ಬಂತು. ಆಮೇಲೆ ಹೊಸಿಲಿನ ಕಲ್ಲಿನ ಅಡಿಯಿಂದ, ನೆಲದೊಳಗಿಂದ, ಮೂರು ಸಲ ಬಡಿದ ಸದ್ದು.

“ಈ ಮನಿ ಯಾರದು?”

ಒಣಗಿದ ಹೆಣ್ಣು ದನಿ. ಸಿಟ್ಟಿರಲಿಲ್ಲ ಅದರಲ್ಲಿ, ಕೇಳಿ ಕೇಳಿ ಬೇಸತ್ತ ದನಿ ಅದು. ಪ್ರಫುಲ್ಲಾ ಓಡಿಹೋಗಿ ಶಾರದಾಬಾಯಿಯ ಬಾಯಿ ಮುಚ್ಚಿದಳು. ಅಂಗೈಯ ಕೆಳಗೆ ಆ ತುಟಿಗಳು ತಾವಾಗಿಯೇ ಆಡಿದವು. “ನಂದು.” ದೀಪ ಸಣ್ಣಗಾಯಿತು. ತಂಬಿಗೆಯ ಮೇಲಿನ ಇನ್ನಷ್ಟು ಚುಕ್ಕೆಗಳು ಅಳಿದವು.

ಮರುದಿನ ಬೇವಿನ ಮರದ ಕೆಳಗೆ ಹೋಗಿ ನಡೆದದ್ದನ್ನು ಹೇಳಿದಾಗ ರಾಮದಾಸ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೇಗಂ ಬಜಾರಿನ ಒಂದು ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟು, “ಆ ಮನಿಗೆ ಮಾಟ ಮಾಡಿದಾಕಿ ಇನ್ನೂ ಅದಾಳ್ರಿ. ಗಂಗೂಬಾಯಿ ಅಂತ,” ಎಂದ.

ಮೆಣಸಿನಕಾಯಿ ಮಂಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಖಾರದ ಘಾಟಿಗೆ ಪ್ರಫುಲ್ಲಾಗೆ ಮಾತು ಹೊರಡುವ ಮುಂಚೆ ಕೆಮ್ಮು ಬಂತು. ಗಂಗೂಬಾಯಿ ಕಾದಳು. ಮನೆಯ ಗುರುತು ಹೇಳಿದಾಗ ತಲೆಯಾಡಿಸಿದಳು.

“ನನ್ನ ಬಂಗಾರ ಮಾರಿ ನನ್ನ ಮೈದುನ ಕಟ್ಟಿಸಿದ ಮನಿ ಅದು. ‘ವೈನಿ, ಕಾಗದಕ್ಕಷ್ಟ ನನ್ನ ಹೆಸರು, ಮನಿ ನಿಂದೇ’ ಅಂದ. ಮನಿ ಆದಮ್ಯಾಲ ನನ್ನ ಹೊರಗ ಹಾಕಿದ. ನಾ ಹೊಸ್ತಲದ ತೆಳಗ ತಾಮ್ರದ ತಗಡು ಹೂತೆ, ನನ್ನ ಕೂದಲಾ ಸುತ್ತಿ, ಬೆಂಕಿಗೆ ಹಿಡದು. ಖರೇ ಮಾಲಕರನ್ನ ಮುಚ್ಚಿಟ್ಟು ಕಾಗದದಾಗ ಯಾರ ಹೆಸರು ಕೂಡ್ತೈತಿ, ಆ ಹೆಸರು ಅಳಿಲಿ ಅಂದೆ.”

“ಶಾರದಾಬಾಯಿ ನಿಮ್ಮ ಹಂಗ ಬಡವಿ. ಆಕೀದು ಏನ್ ತಪ್ಪೈತಿ? ಅದನ್ನ ಎತ್ತಿಬಿಡ್ರಿ.”

“ಹೂಳೂದು ಕಲತೆ. ಎತ್ತೂದು ಕಲೀಲಿಲ್ಲ.”

“ಕಾಗದ ಬದಲಿಸಿ ನನ್ನ ಹೆಸರಿಗೆ ಮಾಡಸ್ತೀನಿ.”

“ಕಮಲಾಕ್ಷಿ ಹೆಸರೂ ಕಾಗದದಾಗಿಂದ ತಗಿಸಿದರಲ್ಲ. ಆಕೀಗೆ ಹೆಸರು ತಿರುಗಿ ಬಂತೇನು?” ಹೊರಗೆ ಹಮಾಲರ ಕೂಗು, ಗಾಡಿಗಳ ಗಡಗಡ. “ಒಂದ ದಾರಿ. ಅದು ಕೇಳೂ ಹೊತ್ತಿಗೆ ಖರೇ ಮಾಲಕರು ಹೊಸ್ತಲದ ಮ್ಯಾಲ ನಿಂತು, ಹೊರಗಿನವರ ಕಿವಿಗೆ ಬೀಳೂ ಹಂಗ, ಹೆಸರು ಹೇಳಿ ನಂದು ಅನ್ನಬೇಕು. ಆಕೀ ಹೆಸರು ಬಿಡ್ತೈತಿ. ಆದರ ಬಾಯಾಗಿನ ತುತ್ತು ಅದು ಸುಮ್ಮನ ಬಿಡಂಗಿಲ್ಲ. ನಿಮ್ಮದು ಒಯ್ತೈತಿ. ಒಂದ ಸಲಕ್ಕ.”

ಪ್ರಫುಲ್ಲಾ ಬಸ್ಸಿನ ಕಿಟಕಿಗೆ ತಲೆಯಿಟ್ಟು ಮನೆಗೆ ಬಂದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂತು, ಹೊಸಿಲು ಬಡಿಯಿತು, ಅವಳು ಅಡುಗೆಮನೆಯಲ್ಲಿ ಕಿವಿಗೆ ಸೆರಗು ಒತ್ತಿಕೊಂಡು ನಿಂತಳು. ಹಾಗೆ ನಾಲ್ಕು ನಾಳೆ ಕಳೆದವು. ಅವಳನ್ನು ಹೇಡಿ ಎನ್ನುವವರು ಎನ್ನಲಿ. ಜೀವನವಿಡೀ ಕೊಟ್ಟವಳಿಗೆ ಉಳಿದಿದ್ದುದು ಒಂದು ಮನೆ, ಒಂದು ಹೆಸರು. ಅವೆರಡರಲ್ಲಿ ಒಂದನ್ನು ಕೊಡು ಎಂದರೆ ಕಾಲು ಏಳಲಿಲ್ಲ.

ಶಾರದಾಬಾಯಿ ಈಗ ಮಾತಾಡುತ್ತಿರಲಿಲ್ಲ. ತುತ್ತು ಬಾಯಿಗಿಟ್ಟರೆ ನುಂಗುವಳು. ಹಗಲೆಲ್ಲ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನುಣುಪು ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಸವರುವಳು, ಅಲ್ಲೇನೋ ಇತ್ತಲ್ಲ ಎಂದು ಹುಡುಕುವವಳಂತೆ. ಅದನ್ನು ನೋಡಿ ಪ್ರಫುಲ್ಲಾಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಐದನೆಯ ದಿನ ತಂಬಿಗೆಯಲ್ಲಿ ಒಂದೇ ಅಕ್ಷರ ಉಳಿದಿತ್ತು.

ಆ ಸಂಜೆ ದೀಪ ಹಚ್ಚಿದವಳು ಪ್ರಫುಲ್ಲಾನೇ. ಬಾಗಿಲು ತೆರೆದು ಹೊಸಿಲ ಮೇಲೆ ನಿಂತಳು. ಓಣಿಯಲ್ಲಿ ಜನವಿದ್ದರು. ಎದುರು ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಕಲ್ಲು ಅಂಗಾಲಿಗೆ ತಣ್ಣಗೆ ತಾಗಿತು. ನಾತ ಬಂತು.

ಆಗ ಓಣಿಯ ತಿರುವಿನಲ್ಲಿ ಸುತ್ತಿದ ಹಾಸಿಗೆಯೊಂದು ಕಾಣಿಸಿತು. ಅದನ್ನು ಹೆಗಲ ಮೇಲೆ ಹೊತ್ತವನು ಅವಳ ದೊಡ್ಡ ತಮ್ಮ ಹನುಮಂತ.

“ಅಕ್ಕಾ! ಕಚೇರಿಯವರು ನೀ ಇತ್ತಾಗ ಇರ್ತಿ ಅಂದ್ರು, ಓಣಿ ಓಣಿ ಹುಡುಕಿದೆ.” ಬಾಗಿಲ ಮುಂದೆ ಹಾಸಿಗೆ ಇಳಿಸಿ, ಮಾಡಿನಿಂದ ನೆಲದವರೆಗೆ ಮನೆಯನ್ನು ಕಣ್ಣಲ್ಲೇ ಅಳೆದ. ಅವನು ಮುಂದಿನ ಮಾತು ಆಡುವುದಕ್ಕೂ ಕಲ್ಲಿನ ಅಡಿಯಿಂದ ಮೂರು ಬಡಿತ ಬೀಳುವುದಕ್ಕೂ ಸರಿಹೋಯಿತು. ಎರಡು ದನಿ ಒಟ್ಟಿಗೇ ಕೇಳಿದವು.

“ಈ ಮನಿ ಯಾರದು?”

ನಾಲಿಗೆ ರೂಢಿಯ ಗುಲಾಮ. “ಶಾರದಾಬಾಯಿದು,” ಎಂದುಬಿಟ್ಟಳು ಪ್ರಫುಲ್ಲಾ.

ಒಳಗೆ ಧಪ್ಪೆಂದಿತು. ತಿರುಗಿ ನೋಡಿದಳು. ಶಾರದಾಬಾಯಿ ನೆಲಕ್ಕೆ ಬಿದ್ದಿದ್ದಳು. ತಂಬಿಗೆ ಉರುಳಿ ಬಂತು. ಹೊಸಿಲಿಗೆ ತಾಗಿ ನಿಂತಿತು. ಒಂದೇ ಒಂದು ಚುಕ್ಕೆ ಇತ್ತು ಅದರ ಮೇಲೆ. ಶಾರದಾಬಾಯಿಯ ಕಣ್ಣು ತೆರೆದಿತ್ತು. ಉಸಿರು ಒಳಗೆ ಹೋಗಿತ್ತು. ಹೊರಗೆ ಬರಲಿಲ್ಲ. ದೀಪ ನೀಲಿಯಾಯಿತು. ಚುಕ್ಕೆ ಕರಗತೊಡಗಿತು.

“ನಂದು!” ಪ್ರಫುಲ್ಲಾ ಚೀರಿದಳು. ಅಕ್ಕಿ ಆರಿಸುವವರು ತಲೆಯೆತ್ತಿದರು. “ನಂದ್ರಿ ಈ ಮನಿ! ಪ್ರಫುಲ್ಲಾದು! ಆಕೀದಲ್ಲ! ನಾನ ಕೊಂಡೇನಿ! ನಾನ ಮುಚ್ಚಿಟ್ಟೇನಿ! ಪ್ರಫುಲ್ಲಾ! ಪ್ರಫುಲ್ಲಾ!”

ಮತ್ತೊಮ್ಮೆ ಬಾಯಿ ತೆರೆದಳು. ಹೇಳಬೇಕಾದದ್ದು ಸಿಗಲಿಲ್ಲ.

ಬಡಿತ ನಿಂತಿತು. ನಾತ ಹೋಯಿತು. ಒಳಗೆ ಶಾರದಾಬಾಯಿ ದೊಡ್ಡದಾಗಿ ಉಸಿರೆಳೆದು ಕೆಮ್ಮಿದಳು. ಆ ಕೆಮ್ಮು ಕೇಳಿ ಹೊಸಿಲ ಮೇಲೆ ನಿಂತವಳಿಗೆ ಅಳು ಬಂತು. ಅಂತೂ ಬದುಕಿದಳು.

“ಹಂಗಾರ ನಮ್ಮದೇ ಮನಿ ಅನ್ನು ಮತ್ತ!” ಹನುಮಂತ ಹಲ್ಲು ಕಿರಿದು ಹಾಸಿಗೆಗೆ ಕೈಹಾಕಿದ. ಬಗ್ಗಿದವನು ಹಾಗೇ ನಿಂತ. ತಲೆಯೆತ್ತಿ ಅವಳ ಮುಖ ನೋಡಿದ. ನಗು ನಿಧಾನವಾಗಿ ಆರಿಹೋಯಿತು.

“ಯಾರ್ರಿ ಅವ್ವಾ ನೀವು? ನಾ ಇಲ್ಲಿಗೆ ಯಾಕ ಬಂದೆ?” ಹೆಗಲಿಗೆ ಹಾಸಿಗೆ ಏರಿಸಿಕೊಂಡು, ದಾರಿ ತಪ್ಪಿದವನ ಹಾಗೆ ಅತ್ತಿತ್ತ ನೋಡುತ್ತ, ಬಂದ ಓಣಿಯಲ್ಲೇ ಹೊರಟುಹೋದ. ಎದುರಿನ ಹೆಂಗಸರು ಮತ್ತೆ ಅಕ್ಕಿಗೆ ಬಗ್ಗಿದರು.

ಇನ್ನು ಯಾವ ತಮ್ಮನೂ ಬರುವುದಿಲ್ಲ. ಅವಳು ಒಳಗೆ ಕಾಲಿಡಲು ತಿರುಗಿದಳು. ಶಾರದಾಬಾಯಿ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ಮುಖಕ್ಕೆ ಕಳೆ ಮರಳಿತ್ತು. ಕೈಯಲ್ಲಿದ್ದ ತಂಬಿಗೆಯ ಮೇಲೆ ಹೆಸರು ಪೂರ್ತಿ ಇತ್ತು.

“ಯಾರು ಬೇಕಾಗಿತ್ತವ್ವಾ?”

“ಶಾರದಾಬಾಯಿ, ನಾನ್ರಿ.”

“ನಾನು ಅಂದ್ರ ಯಾರು?”

ಹೊರಗಿದ್ದವಳು ಬಾಯಿ ತೆರೆದಳು, ಮುಚ್ಚಿದಳು. ಶಾರದಾಬಾಯಿ ಸ್ವಲ್ಪ ಹೊತ್ತು ಕಾದಳು. ಅವಳು ಮೊದಲಿನಿಂದಲೂ ಕರುಣೆಯವಳು. ಆದರೆ ಯಾರೋ ಎಂದೋ ತನಗೆ ಗಟ್ಟಿಯಾಗಿ ಹೇಳಿಕೊಟ್ಟ ಮಾತೊಂದು ಅವಳಿಗೆ ನೆನಪಿತ್ತು. ಹೇಳಿದವರು ಯಾರೆಂಬುದು ಮಾತ್ರ ನೆನಪಿರಲಿಲ್ಲ.

“ಇದು ನನ್ನ ಮನಿ ಅವ್ವಾ. ಶಾರದಾಬಾಯಿದು. ಕಾಗದ ಐತಿ.” ಒಳಗೆ ಹೋದಳು. ಇನ್ನೊಂದು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. “ಭಾಳ ದಣದಂಗ ಕಾಣ್ತಿ. ಕುಡದು ಅಲ್ಲೇ ಕಟ್ಟಿ ಮ್ಯಾಲ ಇಡು.”

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು, ಠಣ್ ಎಂದು.

ಅವಳು ಮೆಟ್ಟಿಲ ಮೇಲೆ ಕೂತಳು. ಕಾಲು ನೋಯುತ್ತಿತ್ತು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಸರು ಕೊರೆಸಿದ ಬದಿಗೆ ಹೆಬ್ಬೆರಳು ಆಡಿಸಿದಳು. ಬೆರಳೂ ನುಣುಪು, ಉಕ್ಕೂ ನುಣುಪು. ನೀರು ಕುಡಿದಳು. ಹೇಳಿದ ಹಾಗೆ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.